ಓಕೆಫೆನೋಕಿ ಜೌಗಿಗೆ ಒಂದೇ ದಿನದ ಟ್ರಿಪ್: ಯಾವ ಗೇಟು, ಮೋಟರ್ ದೋಣಿನಾ ಕನೂನಾ?

ಬೀಚುಬೇಸರ:

ನಮಸ್ಕಾರ ಎಲ್ಲರಿಗೂ. ನಾವು ಜಾಕ್ಸನ್‌ವಿಲ್‌ಗೆ ಬಂದು ಎರಡು ವರ್ಷವಾಯಿತು. ಗಡಿ ದಾಟಿ ಜಾರ್ಜಿಯಾ ಕಡೆ ಒಂದು ಗಂಟೆ ಕಾರು ಓಡಿಸಿದರೆ ಓಕೆಫೆನೋಕಿ ಜೌಗು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಲೇ ಇರುತ್ತಾರೆ. ನಾವು ಮಾತ್ರ ರಜೆ ಬಂದರೆ ಸಾಕು, ಬೀಚಿಗೇ ಹೋಗಿ ಕಾಲಿಗೆ ಮರಳು ಅಂಟಿಸಿಕೊಂಡು ಬರುತ್ತೇವೆ. ಈಗ ಅತ್ತೆ ಮಾವ ಊರಿಂದ ಬಂದಿದ್ದಾರೆ. ನವೆಂಬರ್ ಎರಡನೇ ವಾರ, ಒಂದು ಶನಿವಾರ ಹೋಗಿ ಬಂದುಬಿಡೋಣ ಅಂತಿದ್ದೇವೆ.

ಹೋಗುವವರು ಏಳು ಜನ. ನಾನು, ನಮ್ಮನೆಯವರು, ಮಗಳಿಗೆ 9, ಮಗನಿಗೆ 5. ಮಾವ 72 ಆದರೂ ದಿನಾ ವಾಕಿಂಗ್ ಬಿಡುವವರಲ್ಲ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಜೊತೆಗೆ ಮೈದುನ, ಅವನ ಜೊತೆಗೆ ಅವನ ಹೊಸ ಡ್ರೋನು.

ಮ್ಯಾಪಿನಲ್ಲಿ ಮೂರು ಕಡೆ ಗೇಟ್ ತೋರಿಸುತ್ತಿದೆ, ಯಾವುದು ಒಳ್ಳೆಯದು? ಮೋಟರ್ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರಂತೆ, ಬಾಡಿಗೆಗೆ ಕನೂ ಕೂಡ ಸಿಗುತ್ತಂತೆ, ನಮ್ಮಲ್ಲಿ ಯಾರೂ ಇದುವರೆಗೆ ಹುಟ್ಟು ಹಿಡಿದವರಲ್ಲ. ಇನ್ನು ಮೊಸಳೆ ವಿಷಯ. ಅತ್ತೆ ಒಮ್ಮೆ ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ನೋಡಿದ್ದಾರೆ, ಆವತ್ತಿನಿಂದ ದೋಣಿ ಅಂದರೆ ಸಾಕು ನಾನು ಕಾರಲ್ಲೇ ಕೂತಿರ್ತೀನಿ ಅಂತಾರೆ. ಸೊಳ್ಳೆ ಎಷ್ಟಿರುತ್ತದೆ?

ಕೊನೆಯದಾಗಿ ನಿಜ ಹೇಳಿ, ಬೇಜಾರಿಲ್ಲ. ಇಡೀ ದಿನ ಅಲ್ಲಿ ಮಾಡೋದಾದರೂ ಏನು? ಕೆಸರು ನೋಡಿಕೊಂಡು ಬರೋದಾ?

ಹುಟ್ಟುಕೋಲು:

ಮೇಡಂ, ನಿಮಗೆ ಪೂರ್ವದ ಗೇಟೇ ಸರಿ, ಯೋಚನೆ ಬೇಡ. ಫೋಕ್‌ಸ್ಟನ್ ಅನ್ನೋ ಪುಟ್ಟ ಊರಿದೆ, ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿದರೆ ಸುವಾನಿ ಕಾಲುವೆ ಶುರುವಾಗುವ ಜಾಗ. ಪಶ್ಚಿಮದ್ದು ಫಾರ್ಗೋ ಹತ್ತಿರದ ಸ್ಟೀಫನ್ ಸಿ. ಫಾಸ್ಟರ್ ಸ್ಟೇಟ್ ಪಾರ್ಕ್. ಉತ್ತರದ್ದು ವೇಕ್ರಾಸ್ ಹತ್ತಿರದ ಓಕೆಫೆನೋಕಿ ಸ್ವಾಂಪ್ ಪಾರ್ಕ್. ಮೂರೂ ಒಂದೇ ಹಸಿರು ಮಚ್ಚೆಯ ಸುತ್ತ ಕಾಣಿಸೋದರಿಂದ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ ಅಂತ ಆಸೆಯಾಗುತ್ತದೆ. ಆಗಲ್ಲ. ವನ್ಯಜೀವಿ ಧಾಮವೇ 4 ಲಕ್ಷ ಎಕರೆಗೂ ಜಾಸ್ತಿ, ಮಧ್ಯೆ ಅಡ್ಡ ದಾಟುವ ರಸ್ತೆ ಒಂದೂ ಇಲ್ಲ. ಫೋಕ್‌ಸ್ಟನ್‌ನಿಂದ ಫಾರ್ಗೋಗೆ ಹೋಗೋಕೆ ಕೆಳಗಿಂದ ಸುತ್ತು ಹಾಕಬೇಕು, ಆ ದಾರಿ ನಡುವೆ ಫ್ಲೋರಿಡಾ ಒಳಗೆ ಹೊಕ್ಕು ಮತ್ತೆ ಜಾರ್ಜಿಯಾಗೆ ಬರುತ್ತದೆ. 177 ಅನ್ನೋ ಹೆದ್ದಾರಿಯನ್ನೇ ನೋಡಿ. ಒಂದು ತುಂಡು ಫಾರ್ಗೋ ಕಡೆಯಿಂದ ಬಂದು ನಿಂತುಬಿಡುತ್ತದೆ, ಅದೇ ನಂಬರಿನ ಇನ್ನೊಂದು ತುಂಡು ವೇಕ್ರಾಸ್ ಕಡೆ ಇದೆ. ಮಧ್ಯೆ ಬರೀ ಜೌಗು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಗೇಟು ತೆರೆದ ಸ್ವಲ್ಪ ಹೊತ್ತಿಗೇ ಒಳಗೆ ಹೋಗಿ, ಮೊದಲು ಕಾರಿನಲ್ಲೇ ಚೆಸರ್ ದ್ವೀಪದ ಕಡೆ. ಪೈನ್ ಮರಗಳ ನಡುವೆ ನಿಧಾನಕ್ಕೆ ಹೋಗುವ ರಸ್ತೆ. ಕೆಲವು ಮರಗಳಿಗೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಅವು ರೆಡ್ ಕಾಕೇಡೆಡ್ ಅನ್ನೋ ಅಪರೂಪದ ಮರಕುಟಿಗದ ಗೂಡಿರುವ ಮರಗಳು. ಬೇರೆ ಮರಕುಟಿಗಗಳು ಒಣಮರ ಹುಡುಕಿದರೆ ಇದು ಜೀವಂತ ಪೈನ್ ಮರವನ್ನೇ ಕೊರೆಯುತ್ತದೆ. ರಸ್ತೆ ಮುಗಿಯುವ ಕಡೆ ಬೋರ್ಡ್‌ವಾಕ್ ಇದೆ, ಹೋಗೋಕೆ ಮುಕ್ಕಾಲು ಮೈಲಿ, ಬರೋಕೆ ಅಷ್ಟೇ. ಸಮತಟ್ಟಾದ ಹಲಗೆ ದಾರಿ, ಅತ್ತೆಯವರು ಕೂತು ಎದ್ದು ಆರಾಮಾಗಿ ಬರಬಹುದು. ತುದಿಯಲ್ಲಿ ಸುಮಾರು 50 ಅಡಿ ಎತ್ತರದ ಗೋಪುರ. ಮೆಟ್ಟಿಲು ಮಾವನವರಿಗೆ ಬಿಡಿ.

ದೋಣಿಯನ್ನು ಹತ್ತೂವರೆ ಹನ್ನೊಂದಕ್ಕೆ ಇಟ್ಟುಕೊಳ್ಳಿ. ನವೆಂಬರ್ ಬೆಳಿಗ್ಗೆ ಚಳಿ ಇದ್ದರೆ ಅಲಿಗೇಟರ್ (ಅಲ್ಲಿನ ಮೊಸಳೆ ಜಾತಿ) ನೀರು ಬಿಟ್ಟು ಏಳೋದೇ ಇಲ್ಲ, ಬಿಸಿಲು ಏರಿದ ಮೇಲೆ ಒಂದೊಂದಾಗಿ ದಂಡೆಗೆ ಬಂದು ಮೈ ಒಡ್ಡಿಕೊಂಡು ಬಿದ್ದುಕೊಳ್ಳುತ್ತವೆ. ಬಾಯಿ ತೆರೆದಿರೋದು ಯಾರನ್ನೋ ನುಂಗೋಕಲ್ಲ, ಮೈ ಬಿಸಿ ಇಳಿಸಿಕೊಳ್ಳೋಕೆ. ಇದನ್ನು ಅತ್ತೆಯವರಿಗೆ ಹೇಳಿ. ನಂಬಲ್ಲ, ಆದರೂ ಹೇಳಿ.

ಸೊಳ್ಳೆ ಆ ತಿಂಗಳಲ್ಲಿ ಹಗಲು ಹೊತ್ತು ದೊಡ್ಡ ಕಾಟವಲ್ಲ. ಮೇ, ಜೂನ್‌ನಲ್ಲಿ ಬಂದಿದ್ದರೆ ಕಚ್ಚುವ ನೊಣಗಳ ಪರಿಚಯವಾಗುತ್ತಿತ್ತು, ಶರ್ಟಿನ ಮೇಲಿಂದಲೇ ಕಚ್ಚುತ್ತವೆ.

ಪೆರಿಮೀಟರ್‌_ಅಪ್ಪ:

ಮೇಲಿನವರು ಹೇಳಿದ ಗೇಟಿನ ವಿಷಯಕ್ಕೆ ನನ್ನ ಕಥೆ ಸೇರಿಸಿಕೊಳ್ಳಿ. ನಾವು ಅಟ್ಲಾಂಟಾದಿಂದ ಕತ್ತಲಿರುವಾಗಲೇ ಹೊರಟು, ಫೋನಿನಲ್ಲಿ ಸುಮ್ನೆ "ಓಕೆಫೆನೋಕಿ" ಅಂತ ಹಾಕಿ, ಅದು ಹೇಳಿದ ಹಾಗೇ ಕೇಳಿಕೊಂಡು ವೇಕ್ರಾಸ್ ಗೇಟಿಗೆ ಹೋಗಿ ನಿಂತೆವು. ದೋಣಿ ಬುಕ್ ಮಾಡಿದ್ದು ಫೋಕ್‌ಸ್ಟನ್ ಕಡೆ! ಹೆಂಡತಿ ಏನೂ ಅನ್ನಲಿಲ್ಲ, ಅದೇ ಭಯ. ಹಾಗಾಗಿ ಗೇಟಿನ ಪೂರ್ತಿ ಹೆಸರು ಹಾಕಿ, ಹೊರಡುವ ಮೊದಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಜೌಗಿನ ಹತ್ತಿರ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಐದು ವರ್ಷದ ಮಗ ಇದ್ದಾನೆ ಅಂದಿರಿ. ನಿಜವಾಗಿ ಹೇಳಬೇಕೆಂದರೆ ಆ ವಯಸ್ಸಿನವರಿಗೆ ವೇಕ್ರಾಸ್ ಕಡೆಯದು ಕೆಟ್ಟದ್ದಲ್ಲ. ಪುಟ್ಟ ರೈಲು ಓಡುತ್ತದೆ, ಎಲ್ಲ ಹತ್ತಿರ ಹತ್ತಿರ. ಅದರ ಟಿಕೆಟ್ ಬೇರೆ. ನಿಮ್ಮೂರಿಂದ ದೂರ ಜಾಸ್ತಿ ಅನ್ನೋದೊಂದೇ ತೊಂದರೆ.

ಕನೂ ಬೇಡ. ಏಳು ಜನ, ಹುಟ್ಟು ಹಿಡಿದು ಗೊತ್ತಿಲ್ಲ, ಮಗು ಇದೆ, ಮಂಡಿ ನೋವಿದೆ. ಮೋಟರ್ ದೋಣಿಯಲ್ಲಿ ಗೈಡ್ ಜೊತೆ ಕೂತು ಹೋಗಿ. ಗೈಡ್ ಕಣ್ಣಿಗೆ ಕಾಣೋದು ನಮ್ಮ ಕಣ್ಣಿಗೆ ಕಾಣಲ್ಲ. ನಾವು ಹತ್ತು ನಿಮಿಷ ಕೊರಡು ಅಂತ ನೋಡುತ್ತಿದ್ದದ್ದು ಆಮೇಲೆ ಕಣ್ಣು ಮಿಟುಕಿಸಿತು.

ಗಿಡದಹುಚ್ಚು:

"ಕೆಸರು ನೋಡಿಕೊಂಡು ಬರೋದಾ" ಅಂತ ಕೇಳಿದಿರಲ್ಲ, ಅಲ್ಲಿ ನೋಡೋಕಿರೋದೇ ಆ ಕೆಸರು ಕಣ್ರೀ!

ಮೊದಲು ನೀರು ನೋಡಿ. ಕಪ್ಪಗಿರುತ್ತದೆ, ಆದರೆ ಕೊಳಕಲ್ಲ. ಒಂದು ಬೊಗಸೆ ಎತ್ತಿದರೆ ತೆಳ್ಳಗಿನ ಕಾಫಿ ಡಿಕಾಕ್ಷನ್ ಬಣ್ಣ. ಮರದ ಎಲೆ, ತೊಗಟೆ ವರ್ಷಗಟ್ಟಲೆ ನೆನೆದು ಬಿಟ್ಟ ಟ್ಯಾನಿನ್ ಅದು, ಟೀ ಸೊಪ್ಪು ಬಣ್ಣ ಬಿಡುವ ಹಾಗೇ. ಗಾಳಿ ಇಲ್ಲದಾಗ ಆ ನೀರು ಕನ್ನಡಿ. ಫೋಟೋ ತೆಗೆದರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಆಮೇಲೆ ನಮಗೇ ಗೊತ್ತಾಗಲ್ಲ. (ಎತ್ತೋ ಮೊದಲು ಸುತ್ತ ನೋಡಿ, ದೋಣಿಯಿಂದ ಕೈ ಇಳಿಬಿಟ್ಟುಕೊಂಡು ಕೂರಬೇಡಿ, ಮಕ್ಕಳಂತೂ ಬೇಡವೇ ಬೇಡ.)

ಈ ನೀರಿನಲ್ಲಿ ಹುಳಿ ಜಾಸ್ತಿ, ಬಿದ್ದ ಎಲೆ ಪೂರ್ತಿ ಕೊಳೆಯಲ್ಲ. ಪದರದ ಮೇಲೆ ಪದರ ಕೂತು ಪೀಟ್ ಆಗುತ್ತದೆ, ಕೆಲವು ಕಡೆ 15 ಅಡಿ ದಪ್ಪ. ಅದರೊಳಗೆ ಗ್ಯಾಸ್ ತುಂಬಿಕೊಂಡು ಒಂದು ದಿನ ತಳದಿಂದ ಒಂದು ದೊಡ್ಡ ಹೆಪ್ಪು ಕಿತ್ತುಕೊಂಡು ಮೇಲೆ ತೇಲಿ ಬರುತ್ತದೆ. ಅದರ ಮೇಲೆ ಹುಲ್ಲು ಹುಟ್ಟುತ್ತದೆ, ಆಮೇಲೆ ಪೊದೆ, ಆಮೇಲೆ ಮರ. ಹಾಗೆ ಹುಟ್ಟಿದ ನೆಲದ ಮೇಲೆ ಕಾಲಿಟ್ಟರೆ ಪಕ್ಕದ ಗಿಡಗಳು ಅಲ್ಲಾಡುತ್ತವೆ. ಓಕೆಫೆನೋಕಿ ಅನ್ನೋ ಹೆಸರಿಗೆ "ನಡುಗುವ ನೆಲ" ಅಂತ ಅರ್ಥ ಹೇಳೋದು ಇದಕ್ಕೇ, ಅಲ್ಲಿನ ಮೂಲ ಜನರ ಹಿಚಿಟಿ ಭಾಷೆಯ ಮಾತು.

ಇಂಥ ನೆಲದಲ್ಲಿ ಗಿಡಕ್ಕೆ ಗೊಬ್ಬರ ಸಿಗಲ್ಲ. ಹಾಗಾಗಿ ಕೆಲವು ಗಿಡಗಳು ಹುಳ ತಿಂದು ಬದುಕುತ್ತವೆ. ಹೂಜಿ ಗಿಡ ಹುಡುಕಿ ಅಂತ ಮಗಳಿಗೆ ಹೇಳಿ, ರಸ್ತೆ ಪಕ್ಕದ ಹಳ್ಳದಲ್ಲೂ ಸಿಗುತ್ತದೆ. ಒಂದು ಜಾತಿಯದಕ್ಕೆ ಬಾಯಿಯ ಮೇಲೆ ಟೋಪಿ ಇದ್ದು, ಅದರ ಹಿಂದೆ ಗಾಜಿನ ಕಿಟಕಿಗಳ ಹಾಗೆ ಬೆಳ್ಳಗಿನ ಚುಕ್ಕೆಗಳಿರುತ್ತವೆ. ಒಳಗೆ ಹೋದ ನೊಣ ಬೆಳಕು ಬರುವ ಕಡೆ ಬಾಗಿಲು ಅಂದುಕೊಂಡು ಅಲ್ಲೇ ಹಾರಿ ಹಾರಿ ಸುಸ್ತಾಗಿ ಕೆಳಗೆ ಬೀಳುತ್ತದೆ. ಮರದಿಂದ ಅಜ್ಜನ ಗಡ್ಡದ ಹಾಗೆ ಇಳಿಬಿದ್ದಿರೋದು ಸ್ಪ್ಯಾನಿಷ್ ಮಾಸ್. ಹೆಸರು ಹಾಗೆ, ಆದರೆ ಅದು ಪಾಚಿಯಲ್ಲ, ಸ್ಪೇನಿನದೂ ಅಲ್ಲ, ಅನಾನಸ್ ಕುಟುಂಬದ ಗಿಡ. ಸೈಪ್ರೆಸ್ ಮರದ ಬುಡದ ಸುತ್ತ ನೀರಿಂದ ಮೇಲೆದ್ದ ಮೊಂಡು ಬೇರುಗಳಿಗೆ ಅಲ್ಲಿ ಮಂಡಿ ಅಂತಲೇ ಹೆಸರು. ನಿಮ್ಮ ಅತ್ತೆಯವರಿಗೆ ಜೊತೆ ಸಿಕ್ಕ ಹಾಗಾಯಿತು.

ನನ್ನ ತಕರಾರು ಒಂದೇ, ನವೆಂಬರ್ ಯಾಕೆ? ಏಪ್ರಿಲ್‌ನಲ್ಲಿ ಬಂದರೆ ಬಿಳಿ ನೈದಿಲೆ ಅರಳಿರುತ್ತದೆ. ಅದೂ ಬೆಳಿಗ್ಗೆಯೇ ನೋಡಬೇಕು, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಬೀಚುಬೇಸರ:

ಅಯ್ಯೋ, ಇಷ್ಟೆಲ್ಲ ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಏಪ್ರಿಲ್ ಆಗಲ್ಲ ಮೇಡಂ, ಅತ್ತೆ ಮಾವ ಸಂಕ್ರಾಂತಿಗೆ ಊರಲ್ಲಿರಬೇಕು.

ಇನ್ನೂ ಎರಡು ವಿಷಯ. ಮೈದುನ ಡ್ರೋನ್ ತರುತ್ತೇನೆ ಅಂತ ಹಟ. ಇನ್ನೊಂದು, ನಮ್ಮನೆಯವರು ಎಲ್ಲೋ ಓದಿಕೊಂಡು ಬಂದು ಅಲ್ಲಿ ತಿಂಗಳುಗಟ್ಟಲೆ ಬೆಂಕಿ ಉರಿದಿತ್ತು ಅನ್ನುತ್ತಾರೆ. ನೀರಿರುವ ಜಾಗಕ್ಕೆ ಬೆಂಕಿ ಬೀಳೋದು ಹೇಗೆ? ಮತ್ತೆ ನಾನು ಮತ್ತು ನಮ್ಮನೆಯವರು ಇಬ್ಬರೇ, ಮಕ್ಕಳನ್ನು ಅಜ್ಜಿ ತಾತನ ಹತ್ತಿರ ಬಿಟ್ಟು, ಒಂದು ಗಂಟೆ ಕನೂ ಪ್ರಯತ್ನಿಸಬಹುದಾ? ಮೇಲೆ ಒಬ್ಬರು ಬೇಡವೇ ಬೇಡ ಅಂದಿದ್ದಾರೆ. (ಎರಡು ಅಂದೆ, ಮೂರಾಯಿತು.)

ಹುಟ್ಟುಕೋಲು:

ಡ್ರೋನ್ ಮನೆಯಲ್ಲೇ ಇರಲಿ. ರಾಷ್ಟ್ರೀಯ ವನ್ಯಜೀವಿ ಧಾಮದಲ್ಲಿ ಹಾರಿಸುವ ಹಾಗಿಲ್ಲ, ದಂಡ ಬೀಳುತ್ತದೆ. ಗೋಪುರ ಹತ್ತಿಸಿ, ಅದೇ ನೋಟ ಸಿಗುತ್ತದೆ.

ಬೆಂಕಿ ನಿಜ. 2011ರಲ್ಲಿ ಸಿಡಿಲು ಹೊಡೆದು ಹತ್ತಿಕೊಂಡದ್ದು 3 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು, ಪೂರ್ತಿ ಆರಿತು ಅಂತ ಹೇಳೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. 2017ರಲ್ಲಿ ಮತ್ತೊಂದು, ಅದೂ ಸಿಡಿಲಿಂದಲೇ, ಒಂದೂವರೆ ಲಕ್ಷ ಎಕರೆ. ಮಳೆ ಕೈ ಕೊಟ್ಟ ವರ್ಷ ನೀರು ಇಳಿದು ಪೀಟ್ ಒಣಗುತ್ತದೆ. ಒಣಗಿದ ಪೀಟ್ ಅಂದರೆ ಬೆರಣಿ ಇದ್ದ ಹಾಗೆ, ಮೇಲೆ ಆರಿದರೂ ಒಳಗೊಳಗೇ ಕುಳುಕುಳು ಅಂತ ಉರಿಯುತ್ತಿರುತ್ತದೆ. ಆದರೆ ಬೆಂಕಿ ಬೀಳದೇ ಇದ್ದರೆ ಈ ಜೌಗು ಹೀಗೆ ಉಳಿಯುತ್ತಿರಲಿಲ್ಲ, ಪೀಟ್ ಏರಿ ಏರಿ ಪೊದೆ ಮರ ತುಂಬಿಕೊಂಡು ಬಯಲೆಲ್ಲ ಮುಚ್ಚಿಹೋಗುತ್ತಿತ್ತು. ಬಯಲು ಅಂದರೆ ಅಲ್ಲಿನವರು ಪ್ರೇರಿ ಅನ್ನುತ್ತಾರೆ. ಹೆಸರು ಕೇಳಿ ಹುಲ್ಲುಗಾವಲು ಅಂದುಕೊಂಡು ಇಳಿದೀರಿ, ಕೆಳಗೆ ನೀರು.

ಕನೂ ಬಗ್ಗೆ ಪೆರಿಮೀಟರ್ ಸರ್ ಮಾತು ಏಳು ಜನಕ್ಕೆ ಸರಿ, ಇಬ್ಬರಿಗೆ ನಾನು ಒಪ್ಪಲ್ಲ. ಅದು ಹೊಳೆಯಲ್ಲ, ಸೆಳೆತ ಇಲ್ಲವೇ ಇಲ್ಲ ಅನ್ನುವಷ್ಟು. ಕಾಲುವೆ ನೇರ, ಅಗಲ, ದಾರಿ ತಪ್ಪೋಕೆ ಆಗಲ್ಲ. ಆ ಕಾಲುವೆ ತೋಡಿದ್ದೇ ಒಂದು ತಮಾಷೆ. 1891ರಲ್ಲಿ ಒಂದು ಕಂಪನಿ ಜೌಗನ್ನು ಕೊಂಡುಕೊಂಡು, ಇಡೀ ನೀರನ್ನು ಸೇಂಟ್ ಮೇರಿಸ್ ನದಿಗೆ ಹರಿಸಿ ಒಣಗಿಸಿ ಬೇಸಾಯ ಮಾಡಿಸೋಣ ಅಂತ ಹೊರಟಿತು. ಹನ್ನೊಂದು ಮೈಲಿಗೂ ಜಾಸ್ತಿ ತೋಡಿದ ಮೇಲೆ ದುಡ್ಡು ಮುಗಿಯಿತು. ಜೌಗು ಬತ್ತಲಿಲ್ಲ. ಈಗ ನಾವು ಅದರಲ್ಲಿ ದೋಣಿ ಆಡುತ್ತೇವೆ.

ಸೆಳೆತ ಇಲ್ಲ ಅಂದೆ, ಗಾಳಿ ಇದೆ. ನಾನು ಮೊದಲ ಸಲ ಹೋದಾಗ ಎಷ್ಟು ಸಲೀಸು ಇದು ಅಂತ ಹಾಡು ಹೇಳಿಕೊಂಡು ಎರಡು ಗಂಟೆ ಒಳಗೆ ಹೋದೆ. ಬೆನ್ನ ಹಿಂದೆ ಗಾಳಿ ತಳ್ಳುತ್ತಿತ್ತು ಅಂತ ಗೊತ್ತಾದದ್ದು ತಿರುಗಿದ ಮೇಲೆ. ಬರುವಾಗ ಹುಟ್ಟು ಹಾಕೋದು ನಿಲ್ಲಿಸಿದರೆ ಸಾಕು ದೋಣಿ ಹಿಂದಕ್ಕೆ! ಅಂಗೈ ಎರಡೂ ಬೊಬ್ಬೆ, ಕೊನೆಯ ಮೈಲಿ ಹಲ್ಲು ಕಚ್ಚಿಕೊಂಡು ಬಂದೆ. ಅದಕ್ಕೇ ನಿಮ್ಮ ಹತ್ತಿರ ಒಂದು ಗಂಟೆ ಇದ್ದರೆ ಇಪ್ಪತ್ತು ನಿಮಿಷಕ್ಕೆ ತಿರುಗಿಬಿಡಿ. ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು, ಮುಂದೆ ಕೂತವರು ಸುಮ್ನೆ ಎಳೆಯಬೇಕು. ಇಬ್ಬರೂ ಡ್ರೈವರ್ ಆದರೆ ದಂಡೆಗೆ ಗುದ್ದುತ್ತೀರಿ, ಗಂಡ ಹೆಂಡತಿ ಅಂದ ಮೇಲೆ ಇದನ್ನು ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎದ್ದು ನಿಲ್ಲಬೇಡಿ. ಲೈಫ್ ಜಾಕೆಟ್ ಹಾಕಿಕೊಂಡೇ ಇರಿ. ಜಾರ್ಜಿಯಾದಲ್ಲಿ 13ರ ಒಳಗಿನ ಮಕ್ಕಳು ಚಲಿಸುವ ದೋಣಿಯಲ್ಲಿ ಹಾಕಲೇಬೇಕು, ಕಾನೂನು.

ಅಲಿಗೇಟರ್ ಕಂಡರೆ ಕಾಲುವೆಯ ಆಚೆ ಬದಿಗೆ ಸರಿದು, ಗದ್ದಲ ಇಲ್ಲದೆ ದಾಟಿ. ಗೇಣುದ್ದದ, ಹಳದಿ ಪಟ್ಟೆಯ ಮರಿಗಳು ಕಂಡರೆ ಅಥವಾ ಪೊದೆಯಿಂದ "ಉಂಕ್ ಉಂಕ್" ಅಂತ ಸದ್ದು ಬಂದರೆ ಹತ್ತಿರ ಹೋಗಲೇಬೇಡಿ, ತಾಯಿ ಅಲ್ಲೇ ಇರುತ್ತದೆ, ನಿಮಗೆ ಕಾಣಲ್ಲ ಅಷ್ಟೇ. ತಿಂಡಿ ಎಸೆಯಬೇಡಿ. ಅಪರಾಧವೂ ಹೌದು, ಒಮ್ಮೆ ಮನುಷ್ಯ ಅಂದರೆ ಊಟ ಅಂತ ಕಲಿತರೆ ಮುಂದೆ ಬರುವವನ ಗತಿ ಏನು?

ಕಂಬಿಪಕ್ಷಿ:

ಜೌಗಿನ ಬಗ್ಗೆ ಗೊತ್ತಿಲ್ಲ, ಆದರೆ ಹುಡುಗನಿಗೆ ರೈಲು ಇಷ್ಟ ಇದ್ದರೆ ಬರುವಾಗ ಫೋಕ್‌ಸ್ಟನ್ ಊರೊಳಗೆ ನಿಲ್ಲಿಸಿ. ಹಳಿ ಪಕ್ಕದಲ್ಲೇ ರೈಲು ನೋಡೋಕೆ ಅಂತಲೇ ಚಪ್ಪರ ಹಾಕಿದ ಕಟ್ಟೆ ಇದೆ. ಫ್ಲೋರಿಡಾಗೆ ಹೋಗುವ ಗೂಡ್ಸ್ ಗಾಡಿಗಳು ಒಂದಾದ ಮೇಲೊಂದು ಬರುತ್ತವೆ. ನಾನು ಬರೀ ಅದಕ್ಕೇ ಹೋಗುತ್ತೇನೆ, ಮನೆಯಲ್ಲಿ ನಗುತ್ತಾರೆ.

ಬೀಚುಬೇಸರ:

ಹೋಗಿ ಬಂದೆವು! ನಿನ್ನೆ ರಾತ್ರಿಯೇ ಬರೆಯೋಣ ಅಂದುಕೊಂಡೆ, ಭುಜ ಎತ್ತೋಕೆ ಆಗಲಿಲ್ಲ.

ಬೆಳಿಗ್ಗೆ ಬೋರ್ಡ್‌ವಾಕ್ ಮೇಲೆ ಮಂಜು ಇತ್ತು. ಮೊದಲ ಕಾಲು ಗಂಟೆ ಮಗ "ಎಲ್ಲಿ ಮೊಸಳೆ, ಎಲ್ಲಿ ಮೊಸಳೆ" ಅಂತ ಒಂದೇ ರಾಗ. ಏನೂ ಕಾಣಲಿಲ್ಲ, ನನಗೂ ಒಳಗೊಳಗೆ ಪಿಚ್ಚೆನಿಸಿತು. ಗೋಪುರದ ಹತ್ತಿರ ಹೋಗುವಾಗ ದೂರದಲ್ಲಿ ಹಳೇ ಬಾಗಿಲು ಕಿರ್‌ರ್ ಅಂದ ಹಾಗೆ ಸದ್ದು. ಮಾವ ಕೈ ತೋರಿಸಿದರು, ಸ್ಯಾಂಡ್‌ಹಿಲ್ ಕೊಕ್ಕರೆಗಳು, ನಾಲ್ಕು, ಕತ್ತು ಚಾಚಿಕೊಂಡು ಮಂಜಿನ ಮೇಲೆ ಹಾರಿ ಬಂದು ನಮ್ಮ ಎದುರಿನ ಬಯಲಲ್ಲೇ ಇಳಿದವು. ನೆತ್ತಿ ಕೆಂಪು. ಅವು ಮೇಯುತ್ತಾ ಹೋಗೋದನ್ನು ಮಗ ಅಲ್ಲಾಡದೆ ನೋಡಿದ, ಎಷ್ಟು ಹೊತ್ತು ಅಂತ ನಾನು ಗಡಿಯಾರ ನೋಡಲಿಲ್ಲ. ಟೀವಿ ಮುಂದೆಯೂ ಅಷ್ಟು ಹೊತ್ತು ಕೂರಲ್ಲ ಅವನು.

ಅತ್ತೆಗೆ ಇಷ್ಟವಾದದ್ದು ಬೇರೆಯೇ. ಚೆಸರ್ ಅನ್ನೋ ಮನೆತನದವರ ಹಳೇ ಮರದ ಮನೆ ಇದೆಯಲ್ಲ, ಅದರ ಅಂಗಳ. ಹುಲ್ಲಿನ ಒಂದು ಎಸಳೂ ಇಲ್ಲದ ಬಿಳಿ ಮರಳು. ಹಾವು ಬಂದರೆ ಕಾಣಲಿ, ಬೆಂಕಿ ಬಂದರೆ ಮನೆ ತನಕ ಬಾರದಿರಲಿ ಅಂತ ದಿನಾ ಗುಡಿಸಿ ಇಟ್ಟುಕೊಳ್ಳುತ್ತಿದ್ದರಂತೆ. "ಅಂಗಳ ಗುಡಿಸೋದು ಅಮೆರಿಕದಲ್ಲೂ ಇತ್ತು ನೋಡು" ಅಂತ ನನಗೆ ಎರಡು ಸಲ ಹೇಳಿದರು. ನಾನು ಗುಡಿಸಲ್ಲ ಅನ್ನೋದು ಅದರಲ್ಲಿತ್ತು.

ಮೋಟರ್ ದೋಣಿಗೆ ಅವರೂ ಬಂದರು, ನಡುವಿನ ಸೀಟಿನಲ್ಲಿ, ನನ್ನ ಕೈ ಹಿಡಿದುಕೊಂಡು. ಹನ್ನೊಂದು ಅಲಿಗೇಟರ್ ಎಣಿಸಿದಳು ಮಗಳು. ಒಂದರ ಬೆನ್ನ ಮೇಲೆ ಬಿದ್ದಿದ್ದ ಸೈಪ್ರೆಸ್ ಎಲೆ ಕೂಡ ಕಾಣುವಷ್ಟು ಹತ್ತಿರ ಹೋದಾಗ ಅತ್ತೆ ಮೆಲ್ಲಗೆ "ಮುಖ ಪಾಪ, ನಗುತ್ತಿರೋ ಹಾಗಿದೆ" ಅಂದರು. ಕೈ ಮಾತ್ರ ಬಿಡಲಿಲ್ಲ.

ಕನೂ ವಿಷಯ: ಯಾರು ಡ್ರೈವರ್ ಅಂತ ತೀರ್ಮಾನ ಮಾಡಿಕೊಂಡೇ ಹೊರಟೆವು, ಆದರೂ ಎರಡು ಸಲ ದಂಡೆಗೆ ಗುದ್ದಿದೆವು. ಇಪ್ಪತ್ತು ನಿಮಿಷಕ್ಕೆ ತಿರುಗಿದ್ದು ಪುಣ್ಯ. ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ ಈಗ, ಅದನ್ನು ಮರೆತಿದ್ದೆವು, ರೈಲು ಕಟ್ಟೆಗೆ ಹೋಗುವಾಗ ಕತ್ತಲಾಗಿತ್ತು. ಆದರೂ ಎರಡು ಗೂಡ್ಸ್ ಸಿಕ್ಕವು.

ಈಗ ಮಾವ ಕೇಳುತ್ತಿದ್ದಾರೆ, ಒಳಗೆ ರಾತ್ರಿ ಉಳಿಯೋಕೆ ಆಗುತ್ತಾ ಅಂತ.

ಹುಟ್ಟುಕೋಲು:

ಆಗುತ್ತದೆ. ನೀರಿನ ಮೇಲೆ ಮರದ ಅಟ್ಟಣಿಗೆಗಳಿವೆ, ಮೊದಲೇ ಪರ್ಮಿಟ್ ತೆಗೆದುಕೊಳ್ಳಬೇಕು, ಅಲ್ಲಿ ತನಕ ಹುಟ್ಟು ಹಾಕಿಕೊಂಡೇ ಹೋಗಬೇಕು. ಮಾವನವರಿಗೆ ಆಸೆ ಇದ್ದರೆ ಅಷ್ಟು ಕಷ್ಟ ಬೇಡ, ಫಾರ್ಗೋ ಕಡೆಯ ಸ್ಟೇಟ್ ಪಾರ್ಕಿನಲ್ಲಿ ಕ್ಯಾಬಿನ್ ಸಿಗುತ್ತದೆ. ಅಮಾವಾಸ್ಯೆ ನೋಡಿಕೊಂಡು ಹೋಗಿ. ಸುತ್ತ ದೀಪಗಳೇ ಇಲ್ಲದ ಜಾಗ, ನಕ್ಷತ್ರಗಳು ನೀರಿನಲ್ಲೂ ಕಾಣುತ್ತವೆ.